ಆತೇನ್ರಿ ಎಂದು ಕೇಳುತ್ತಿದ್ದ ಕಾಕಾ

ನಮ್ಮ ಕಸುಬಿನಲ್ಲಿ ಕೆಲಸ ಮುಗಿಯುವುದು ಬೇರೆ, ಟಿಕೆಟ್ ಮುಚ್ಚುವುದು ಬೇರೆ. ಇಂಟರ್ನೆಟ್ ಬರುತ್ತಿಲ್ಲವೆಂದು ಗ್ರಾಹಕರು ಫೋನ್ ಮಾಡಿದ ಕೂಡಲೇ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ದೂರು ಹುಟ್ಟುತ್ತದೆ. ಅದಕ್ಕೆ ಟಿಕೆಟ್ ಎಂದು ಹೆಸರು. ನಾಲ್ಕು ತಾಸಿನೊಳಗೆ ಅದನ್ನು ಮುಚ್ಚದಿದ್ದರೆ ಪರದೆಯ ಮೇಲೆ ಕೆಂಪಗಾಗುತ್ತದೆ. ಅದು ಕೆಂಪಗಾದರೆ ಮ್ಯಾನೇಜರ್ ಸಾಹೇಬರ ಮುಖವೂ ಕೆಂಪಗಾಗುತ್ತದೆ. ಹೀಗಾಗಿ ಮೊದಲು ಟಿಕೆಟ್ ಮುಚ್ಚಿ, ಆಮೇಲೆ ನಿಧಾನಕ್ಕೆ ಹೋಗಿ ಇಂಟರ್ನೆಟ್ ಸರಿಮಾಡುವ ವಿದ್ಯೆಯನ್ನು ನಾವೆಲ್ಲ ಬೇಗನೆ ಕಲಿತಿದ್ದೆವು. ಕಲಬುರಗಿಯ ಬ್ರಹ್ಮಪುರದ ನಮ್ಮ ಆಫೀಸಿನಲ್ಲಿ ಅದನ್ನು ಕಲಿಯದೇ ಉಳಿದವರು ಒಬ್ಬರೇ. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಇಲ್ಲಿಯೂ ಅಷ್ಟೇ ಸಾಕು.

ಕಾಕಾ ಕಮಲಾಪುರದವರು. ದಿನಾ ಮುಂಜಾನೆ ಬಸ್ಸಿಗೆ ಕಲಬುರಗಿಗೆ ಬಂದು ಸಂಜೆ ಬಸ್ಸಿಗೆ ತಿರುಗಿ ಹೋಗುತ್ತಿದ್ದರು. ಸಣಕಲು ದೇಹ, ಬಿಳಿ ಅರ್ಧ ತೋಳಿನ ಅಂಗಿ. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಬಣ್ಣ ಹಚ್ಚುವ ಒಂದು ಇಂಚಿನ ಬ್ರಷ್ಷು. ರಿಪೇರಿ ಮುಗಿದ ಮೇಲೆ ಗ್ರಾಹಕರ ಎದುರು ಕೈಕಟ್ಟಿ ನಿಂತು, "ಆತೇನ್ರಿ?" ಎಂದು ಕೇಳುತ್ತಿದ್ದರು. ಗ್ರಾಹಕರು "ಆತ್ರಿ" ಎನ್ನುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಕೆಲವರು ಫೋನಿನಲ್ಲಿ ಮುಳುಗಿ ಹತ್ತು ನಿಮಿಷ ಉತ್ತರವನ್ನೇ ಕೊಡುತ್ತಿರಲಿಲ್ಲ. ಕಾಕಾ ನಿಂತೇ ಇರುತ್ತಿದ್ದರು. ಅವರ ಹಿಂದೆ ಚೀಲ ಹೊತ್ತು ನಿಂತ ನನ್ನ ಕಾಲು ನೋಯುತ್ತಿದ್ದವು.

ನಾನು ಡಿಪ್ಲೊಮಾ ಮುಗಿಸಿ, ಬೀದರಿನಲ್ಲಿ ಎರಡು ವರ್ಷ ದುಡಿದು, ನನಗೆಲ್ಲ ಗೊತ್ತಿದೆ ಎಂಬ ಧಿಮಾಕಿನಲ್ಲಿ ಇಲ್ಲಿಗೆ ಸೇರಿದವನು. ಮೊದಲ ವಾರವೇ ನಂದೂರಿನ ಒಂದು ಬೇಳೆ ಮಿಲ್ಲಿಗೆ ಕಾಕಾ ಜೊತೆ ಹೋದೆ. ಮಿಲ್ಲಿನ ಆಫೀಸಿನಲ್ಲಿ ಇಂಟರ್ನೆಟ್ ಕುಂಟುತ್ತಿತ್ತು. ನಾನು ಲ್ಯಾಪ್‌ಟಾಪ್ ತೆರೆದು ಒಂದರ ಹಿಂದೊಂದು ಪರೀಕ್ಷೆ ನಡೆಸಿದೆ. ಪರದೆ ತುಂಬ ಅಂಕಿಗಳು ಓಡಿದವು. ಮಿಲ್ಲಿನ ಮಾಲಕರು ನನ್ನನ್ನು ಗೌರವದಿಂದ ನೋಡುತ್ತಿದ್ದರು. ಕಾಕಾ ಮಾತ್ರ ಕೇಬಲ್ಲುಗಳೆಲ್ಲ ಬಂದು ಸೇರುವ ಡಬ್ಬಿಯ ಮುಚ್ಚಳ ಬಿಚ್ಚಿ ಮೂಗು ಹತ್ತಿರ ಒಯ್ದರು.

"ನಿನ್ನ ಲ್ಯಾಪ್‌ಟಾಪ್ ಏನಂತದ ತಮ್ಮಾ?"

"ಪ್ಯಾಕೆಟ್ ಲಾಸ್ ಆಗಾಕತ್ತದ ಅಂತದ್ರಿ ಕಾಕಾ. ಕಾರಣ ಹುಡುಕಾಕತ್ತೀನಿ."

"ಹುಡುಕು, ಹುಡುಕು. ಇಲ್ಲಿ ತೊಗರಿ ಬ್ಯಾಳಿ ಅದ."

ಡಬ್ಬಿಯ ಸಣ್ಣ ಫ್ಯಾನಿನ ಸುತ್ತ ಬೇಳೆಯ ಧೂಳು ಗಟ್ಟಿಯಾಗಿ ಕೂತು ಅದು ತಿರುಗುವುದನ್ನೇ ಬಿಟ್ಟಿತ್ತು. ಕಾಕಾ ಕಿಸೆಯಿಂದ ಬ್ರಷ್ ತೆಗೆದು ಐದು ನಿಮಿಷ ಗುಡಿಸಿದರು. ಫ್ಯಾನು ಗುರ್ರೆಂದಿತು. ನನ್ನ ಲ್ಯಾಪ್‌ಟಾಪ್ ಇನ್ನೂ ಕಾರಣ ಹುಡುಕುತ್ತಲೇ ಇತ್ತು. ಮಾಲಕರ ಗೌರವ ನನ್ನ ಕಡೆಯಿಂದ ಬ್ರಷ್ಷಿನ ಕಡೆಗೆ ಹೊರಳಿದ್ದು ಕಣ್ಣಾರೆ ಕಂಡಿತು. ಮರುದಿನ ನಾನೂ ಒಂದು ಬ್ರಷ್ ಕೊಂಡೆ.

ಟಿಕೆಟ್ ಮುಚ್ಚುವಾಗ ಏನು ತಪ್ಪಾಗಿತ್ತು ಎಂದು ಬರೆಯಬೇಕು. ಮೇಲಿನ ಆಫೀಸಿನವರು ಅದಕ್ಕೊಂದು ಪಟ್ಟಿಯನ್ನೇ ಮಾಡಿಕೊಟ್ಟಿದ್ದರು. ಕರೆಂಟಿನ ತೊಂದರೆ, ಕೇಬಲ್ ತುಂಡು, ಉಪಕರಣದ ದೋಷ, ಗ್ರಾಹಕರ ತಪ್ಪು, ಇತರೆ. ನಾವು ಕಣ್ಣುಮುಚ್ಚಿ ಗ್ರಾಹಕರ ತಪ್ಪು ಒತ್ತುತ್ತಿದ್ದೆವು. ಅದನ್ನು ಒತ್ತಿದರೆ ಯಾರೂ ಮುಂದೆ ಪ್ರಶ್ನೆ ಕೇಳುತ್ತಿರಲಿಲ್ಲ. ಕಾಕಾ ಯಾವಾಗಲೂ 'ಇತರೆ' ಒತ್ತಿ, ತಮ್ಮ ಇಂಗ್ಲಿಷಿನಲ್ಲಿ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದರು. "ಕೇಬಲ್ ಐ ಕಟ್ ಬೈ ಮಿಸ್ಟೇಕ್. ಐ ಜಾಯಿನ್." "ರ‍್ಯಾಟ್. ರ‍್ಯಾಟ್ ಈಸ್ ಸ್ಟಿಲ್ ದೇರ್." ಪಟ್ಟಿಯಲ್ಲಿ ನಮ್ಮ ತಪ್ಪು ಎಂಬ ಸಾಲೇ ಇಲ್ಲದಿರುವುದು ಅವರಿಗೆ ದೊಡ್ಡ ಸೋಜಿಗ. "ಇಷ್ಟ ದೊಡ್ಡ ಕಂಪನಿ, ಒಬ್ಬರೂ ತಪ್ಪ ಮಾಡಂಗಿಲ್ಲೇನೋ ತಮ್ಮಾ?" ಎಂದು ನನ್ನನ್ನು ಕೇಳುತ್ತಿದ್ದರು.

ಸ್ಟೇಶನ್ ಬಜಾರಿನ ಒಂದು ಲಾಡ್ಜಿನಲ್ಲಿ ಯಾವ ಖೋಲಿಗೂ ವೈಫೈ ಮುಟ್ಟುತ್ತಿರಲಿಲ್ಲ. ಹೋಗಿ ನೋಡಿದರೆ ಲಾಡ್ಜಿನ ಮ್ಯಾನೇಜರ್ ವೈಫೈ ಡಬ್ಬಿಯನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದ. ಯಾಕೆಂದು ಕೇಳಿದರೆ, "ಚೋರಿ ಗಯಾ ತೋ ಸೇಠ್ ಮೇರೆಕುಚ್ ಪೂಛತೇ ಕಾಕಾ" ಎಂದ. ಕಳುವಾದರೆ ಮಾಲಕರು ಹಿಡಿಯುವುದು ತನ್ನನ್ನೇ ಎಂಬುದು ಅವನ ಸಂಕಟ. ಕಾಕಾ ನಗಲಿಲ್ಲ. "ಖರೇ ಅದ. ಆದ್ರ ಸಾಹೇಬ್ರ, ಸದ್ಯ ಕಪಾಟಿಗೆ ಒಂದಕ್ಕ ಮಸ್ತ್ ನೆಟ್ ಬರಾಕತ್ತದ" ಎಂದು, ಡಬ್ಬಿಯನ್ನು ಕೈಗೆ ನಿಲುಕದಷ್ಟು ಎತ್ತರದಲ್ಲಿ, ಛತ್ತಿಗೆ ಕ್ಲಾಂಪ್ ಹೊಡೆದು ಕೂಡಿಸಿದರು. ಟಿಕೆಟ್ಟಿನಲ್ಲಿ, "ನೋ ಫಾಲ್ಟ್. ಓನ್ಲಿ ಫಿಯರ್" ಎಂದು ಬರೆದರು. ಮೂರನೆಯ ದಿನ ಮೇಲಿನ ಆಫೀಸಿನಿಂದ ಫೋನು, ಭಯ ಯಾವ ವಿಭಾಗಕ್ಕೆ ಬರುತ್ತದೆ ಎಂದು. ಕಾಕಾ ಬಹಳ ವಿನಯದಿಂದ, "ಎಲ್ಲಾ ವಿಭಾಗಕ್ಕೂ ಬರ್ತದ್ರಿ ಸರ್" ಎಂದರು.

ಅವರ ಪಾಸ್‌ವರ್ಡಿನ ವಿಷಯ ಹೇಳಲೇಬೇಕು. ನಮ್ಮ ಕಂಪನಿಯಲ್ಲಿ ಪಾಸ್‌ವರ್ಡಿಗೂ ಆಯುಷ್ಯವಿದೆ. ಎರಡು ತಿಂಗಳಿಗೊಮ್ಮೆ ಬದಲಿಸದಿದ್ದರೆ ಒಳಗೆ ಬಿಡುವುದಿಲ್ಲ. ನಾವು ಹೆಂಡತಿ, ಮಕ್ಕಳು, ದೇವರು ಎಲ್ಲರನ್ನೂ ಮುಗಿಸಿ ತಲೆ ಕೆರೆದುಕೊಳ್ಳುತ್ತಿದ್ದರೆ ಕಾಕಾ ಕಮಲಾಪುರದ ಬಸ್ಸಿನ ದಾರಿಯ ನಿಲ್ದಾಣಗಳನ್ನು ಒಂದೊಂದಾಗಿ ಇಡುತ್ತ ಬಂದಿದ್ದರು. ಕಲಬುರಗಿಯಿಂದ ಹೊರಟು ಕಮಲಾಪುರ ಮುಟ್ಟಿದ ಮೇಲೆ ಮತ್ತೆ ತಿರುಗಿ ಬರುವುದು. "ಕಾಕಾ, ಈಗ ಎಲ್ಲಿಗೆ ಬಂದೀರಿ?" ಎಂದು ಯಾರಾದರೂ ಕೇಳಿದರೆ, "ಮಹಾಗಾಂವ ಕ್ರಾಸ್ ದಾಟೀನಿ" ಎಂದು ಗುಟ್ಟನ್ನು ರಟ್ಟು ಮಾಡುತ್ತಿದ್ದರು. ಆಫೀಸಿನಲ್ಲಿ ಅವರ ಪಾಸ್‌ವರ್ಡ್ ಗೊತ್ತಿಲ್ಲದವರೇ ಇರಲಿಲ್ಲ. ಅದನ್ನು ದುರುಪಯೋಗ ಮಾಡಿದವನು ನಾನೊಬ್ಬನೇ.

ಅದು ನಡೆದದ್ದು ಅವರ ನಿವೃತ್ತಿಯ ಸಮಯದಲ್ಲಿ. ಕಮಲಾಪುರದಲ್ಲಿ ಸುಜಾತಾ ಎಂಬ ಹೆಣ್ಣುಮಗಳು ಒಂದು ಆನ್‌ಲೈನ್ ಸೆಂಟರ್ ನಡೆಸುತ್ತಿದ್ದಾಳೆ. ಫರ್ಸಿ ಕಲ್ಲು ಹಾಸಿದ ಗಿಡ್ಡ ಮಾಳಿಗೆಯ ಒಂದೇ ಖೋಲಿ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮೇಜಿನ ಮೇಲೆ ಬುದ್ಧನ ಸಣ್ಣ ಮೂರ್ತಿ. ರೇಷನ್ ಕಾರ್ಡು, ಪಿಂಚಣಿ, ಜಾತಿ ಆದಾಯ ಪತ್ರ, ಊರಿನವರ ಎಲ್ಲ ಅರ್ಜಿಯೂ ಅಲ್ಲಿಂದಲೇ ಹೋಗಬೇಕು. ಅವಳ ತಾಯಿ ಪಕ್ಕದ ಬಾಳೆ ತೋಟದಲ್ಲಿ ಆಳಾಗಿ ದುಡಿದು ಮಗಳನ್ನು ಓದಿಸಿದವಳು. ಆ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ದುಡಿದವರಲ್ಲಿ ಸುಜಾತಾಳೇ ಮೊದಲಿಗಳು.

ಅಲ್ಲಿಗೆ ಇಂಟರ್ನೆಟ್ ಕೊಟ್ಟಿದ್ದು ಕಾಕಾ. ಊರಾಚೆಯ ಟವರಿನಿಂದ ಮಾಳಿಗೆಯ ಮೇಲಿನ ಸಣ್ಣ ಡಿಶ್ಶಿಗೆ ಗಾಳಿಯಲ್ಲೇ ಸಿಗ್ನಲ್ ಬರುವ ವ್ಯವಸ್ಥೆ. ವರ್ಷದ ತನಕ ಚೆನ್ನಾಗಿ ನಡೆಯಿತು. ಆಮೇಲೆ ಮಧ್ಯಾಹ್ನವಾದರೆ ಸಾಕು, ಸಿಗ್ನಲ್ ಕಡಿಯತೊಡಗಿತು. ಮುಂಜಾನೆ ಎಲ್ಲ ಸರಿ, ಎರಡು ಗಂಟೆಯ ಮೇಲೆ ಹೋಗುವುದು, ಬರುವುದು. ಬಿಸಿಲಲ್ಲಿ ನಡೆದು ಬಂದ ಮುದುಕಿಯರು ಹೆಬ್ಬೆಟ್ಟು ಒತ್ತಿ ಒತ್ತಿ ತಿರುಗಿ ಹೋಗುತ್ತಿದ್ದರು. ದೂರುಗಳಾದವು. ಸೆಂಟರಿಗೆ ಮಂಜೂರಾತಿ ಕೊಟ್ಟವರು ಅವಳಿಗೆ ಪತ್ರ ಬರೆದರು: ತಿಂಗಳ ಕೊನೆಯೊಳಗೆ ಸರಿಯಾಗದಿದ್ದರೆ, ತಪ್ಪು ನಿಮ್ಮ ಕಡೆಯದ್ದೇ ಆದರೆ, ಸೆಂಟರ್ ರದ್ದು.

ಕಾಕಾ ದಿನಾ ಮುಂಜಾನೆ ಬಸ್ ಹತ್ತುವ ಮೊದಲು ಅಲ್ಲಿಗೆ ಹೋಗಿ ನೋಡುತ್ತಿದ್ದರು. ಕೇಬಲ್ ಬದಲಿಸಿದರು, ಅಡಾಪ್ಟರ್ ಬದಲಿಸಿದರು, ಡಿಶ್ಶನ್ನೇ ಬದಲಿಸಿದರು. ಮಧ್ಯಾಹ್ನ ಯಾರೋ ಪಂಪ್ ಚಾಲೂ ಮಾಡಿ ಕರೆಂಟ್ ಇಳಿಯುತ್ತಿರಬಹುದೆಂದು ಅದನ್ನೂ ವಿಚಾರಿಸಿದರು. ಟಿಕೆಟ್ ಎರಡು ತಿಂಗಳಿಂದ ಕೆಂಪಗೆ ಉರಿಯುತ್ತಿತ್ತು. ಅಷ್ಟರಲ್ಲಿ ಕಾಕಾಗೆ ಅರವತ್ತು ತುಂಬಿತು. ನಮ್ಮ ಕಂಪನಿಯ ನಿಯಮ ಹೀಗಿದೆ: ಹೆಸರಿನ ಮೇಲೆ ಒಂದೇ ಒಂದು ಟಿಕೆಟ್ ತೆರೆದಿದ್ದರೂ ಕಂಪ್ಯೂಟರ್ ಬಿಡುಗಡೆ ಪತ್ರ ಕೊಡುವುದಿಲ್ಲ. ಮ್ಯಾನೇಜರ್ ಸಾಹೇಬರು ತಿಳಿಹೇಳಿದರು. "ಗ್ರಾಹಕರ ತಪ್ಪು ಅಂತ ಒತ್ತಿ ಮುಚ್ಚಿಬಿಡ್ರಿ ಕಾಕಾ. ನಾಳೆ ನಾಲ್ಕಕ್ಕ ನಿಮ್ಮ ಬೀಳ್ಕೊಡಿಗಿ ಅದ."

"ಆಕಿ ಇನ್ನಾ ಆತು ಅಂದಿಲ್ರಿ" ಎಂದು ಕಾಕಾ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟರು.

ಅವರ ಮೇಲೆ ನನಗೆ ಬಹಳ ಜೀವ. ಕೊನೆಯ ದಿನ ಪತ್ರವಿಲ್ಲದೆ ಅವರು ಬರಿಗೈಯಲ್ಲಿ ಮನೆಗೆ ಹೋಗುವುದು ನನಗೆ ಬೇಡವಾಗಿತ್ತು. ಸಂಜೆ ಐದೂವರೆಗೆ ಅವರ ಹೆಸರಿನಲ್ಲಿ ಒಳಹೊಕ್ಕೆ. ಪಾಸ್‌ವರ್ಡ್ ಆಗ ಮತ್ತೊಮ್ಮೆ ಕಮಲಾಪುರ ಮುಟ್ಟಿತ್ತು. "ಗ್ರಾಹಕರ ತಪ್ಪು, ವೈರಿಂಗ್ ಸರಿಯಿಲ್ಲ, ಪರಿಹರಿಸಲಾಗಿದೆ" ಎಂದು ಬರೆದು ಟಿಕೆಟ್ ಮುಚ್ಚಿದೆ. ಪುಣ್ಯದ ಕೆಲಸ ಮಾಡಿದೆನೆಂದು ಮನೆಗೆ ಹೋಗುವಾಗ ಜಿಲೇಬಿಯನ್ನೂ ಕಟ್ಟಿಸಿಕೊಂಡೆ.

ಮರುದಿನ ಒಂಬತ್ತಕ್ಕೆ ಕಾಕಾ ಫೋನ್ ಮಾಡಿದರು. "ಪಾನಾ, ಪಕ್ಕಡ, ಕ್ಲಾಂಪ್, ತಂತಿ ತೊಗೊಂಡು ಸುಜಾತಾನ ಸೆಂಟರಿಗಿ ಬಾ" ಎಂದಷ್ಟೇ ಹೇಳಿ ಇಟ್ಟರು. ಬೈಕ್ ಏರಿ ಹೋದೆ. ಸುಜಾತಾ ಬಾಗಿಲಲ್ಲೇ ನಿಂತಿದ್ದಳು. ಫೋನನ್ನು ನನ್ನ ಮುಂದೆ ಹಿಡಿದಳು. ನಾನು ಟಿಕೆಟ್ ಮುಚ್ಚಿದ ಕೂಡಲೇ ಯಂತ್ರ ತನ್ನಷ್ಟಕ್ಕೆ ಕಳಿಸಿದ ಸಂದೇಶ ಅದು: ತೊಂದರೆ ನಿಮ್ಮ ವೈರಿಂಗಿನದು, ಪರಿಹರಿಸಲಾಗಿದೆ, ಸರಿಯಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು.

"ಅಣ್ಣಾ, ಇದನ್ನ ಸೆಂಟರ್ ಮಂಜೂರ ಮಾಡಿದವರಿಗೂ ಕಳಸ್ಯಾರ. ನನ್ನ ತಪ್ಪು ಅಂತ ನೀವ ಬರಕೊಟ್ರ ಇನ್ನ ಮೂರ ದಿನದಾಗ ನನ್ನ ಸೆಂಟರ್ ಹೋತಲ್ಲ? ಕಾಕಾ ಹಿಂಗ ಬರಿಯಂಗಿಲ್ಲ ಅಂತ ನನಗ ಗೊತ್ತದ. ಯಾರ ಬರದಾರ?"

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. "ನಾನ ಬರದದ್ದು" ಎಂದೆ. ಕಾಕಾ ಮಾಳಿಗೆಯ ಮೇಲಿಂದ ಬಗ್ಗಿ ನೋಡಿದರು. ಬೈಯಲಿಲ್ಲ. "ಮೂವತ್ತ ವರ್ಷದಾಗ ಒಮ್ಮೆನೂ ಬರದಿಲ್ಲೋ ತಮ್ಮಾ. ನನ್ನ ಕೈಲೆ ಸುಳ್ಳ ಬರಸಿದೆಲ್ಲೋ" ಎಂದರು. ಅವರು ಕಪಾಳಕ್ಕೆ ಹೊಡೆದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ. ಸುಜಾತಾ ಫೋನಿನಲ್ಲಿ ಎರಡು ಒತ್ತಿದಳು. ಟಿಕೆಟ್ ಮತ್ತೆ ತೆರೆದು ಕೆಂಪಗಾಯಿತು.

ಆಗ ಬೆಳಗಿನ ಹತ್ತೂವರೆ. ಇಂಟರ್ನೆಟ್ ಅಚ್ಚುಕಟ್ಟಾಗಿ ಬರುತ್ತಿತ್ತು. ಕಾಕಾ ಮಾಳಿಗೆಯ ಮೇಲೆ ಛತ್ರಿ ಹಿಡಿದು ಕೂತೇ ಇದ್ದರು. ನಾಲ್ಕಕ್ಕೆ ಬೀಳ್ಕೊಡುಗೆ ಎಂದು ನೆನಪಿಸಿದರೆ, "ಇಷ್ಟ ದಿನ ಮುಂಜಾನಿ ಬಂದು ಮಧ್ಯಾಹ್ನದ ರೋಗ ಹುಡುಕಾಕತ್ತಿದ್ದೆ. ಇವತ್ತ ಮಧ್ಯಾಹ್ನದ ತನಕ ಕೂಡೋಣು" ಎಂದರು. ಫರ್ಸಿ ಕಾಯ್ದು ಕೆಂಡವಾಗಿತ್ತು. ನಾನು ಚೀಲ ಹಾಸಿಕೊಂಡು ಪಕ್ಕದಲ್ಲಿ ಕೂತೆ. ಎರಡು ಗಂಟೆಗೆ ಗಾಳಿ ಎದ್ದಿತು. ಪಕ್ಕದ ತೋಟದಲ್ಲಿ ಸುಮ್ಮನೆ ಜೋತುಬಿದ್ದಿದ್ದ ಬಾಳೆ ಎಲೆಗಳು ಎದ್ದು, ಡಿಶ್ಶಿನ ಮುಂದೆ ಬಂದು ಪಟಪಟ ಬಡಿದುಕೊಳ್ಳತೊಡಗಿದವು. ಕೆಳಗಿನಿಂದ ಸುಜಾತಾ, "ಹೋತ್ರಿ ಕಾಕಾ!" ಎಂದು ಕೂಗಿದಳು.

ಕಾಕಾ ಒಂದು ಗಳಿಗೆ ಎಲೆಗಳನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅವರು ಡಿಶ್ ಕೂಡಿಸಿದಾಗ ತೋಟದಲ್ಲಿ ಕೆಂಪು ಬಾಳೆಯ ಕಂದುಗಳನ್ನು ಆಗಷ್ಟೇ ನೆಟ್ಟಿದ್ದರಂತೆ, ಮೊಣಕಾಲೆತ್ತರ. ಅವುಗಳ ಮೇಲಿಂದ ಟವರು ನಿಚ್ಚಳವಾಗಿ ಕಾಣುತ್ತಿತ್ತಂತೆ. ನೀರು ತುಂಬಿದ ಎಲೆ ಅಡ್ಡ ಬಂದರೆ ನಮ್ಮ ಸಿಗ್ನಲ್ಲಿಗೆ ಅದು ಗೋಡೆಯೇ. "ಕಮಲಾಪುರದಾಗ ಹುಟ್ಟಿ, ಕೆಂಪ ಬಾಳಿ ತಿಂದ ಬೆಳದು, ಗಿಡ ಎಷ್ಟೆತ್ತರ ಆಗ್ತದ ಅನ್ನೂದ ಮರತೀನಲ್ಲೋ! ಬೆಂಗಳೂರಿನಾಂವ ಮರತ್ರ ಒಂದ ಮಾತು" ಎಂದು ಹಣೆ ಹಣೆ ಬಡಿದುಕೊಂಡರು.

ತೋಟದ ಗೌಡರು ಬಂದು ನೋಡಿ, "ಅಡ್ಡ ಬರೂ ನಾಕ ಗಿಡ ಕಡದ ಬಿಡ್ತೀನಿ ತೊಗೋರಿ" ಎಂದರು. ನನಗೂ ಅದೇ ಸಲೀಸು ಎನಿಸಿತು. ಗಿಡಗಳಲ್ಲಿ ಗೊನೆ ಇಳಿದಿತ್ತು. ಕಾಕಾ ಒಪ್ಪಲಿಲ್ಲ. "ತಪ್ಪು ಗಿಡದ್ದಲ್ರಿ ಗೌಡ್ರ" ಎಂದರು. ಎತ್ತರದ ಕಂಬಕ್ಕೆ ಕಂಪನಿಗೆ ಬೇಡಿಕೆ ಕಳಿಸಿದರೆ ಒಪ್ಪಿಗೆ ಬರಲು ಮೂರು ವಾರ. ಕಾಕಾ ನನ್ನ ಬೈಕ್ ಏರಿ ಮನೆಗೆ ಹೋದರು. ಅವರ ಅಂಗಳದಲ್ಲಿ ಹಳೆಯ ಟೀವಿ ಅಂಟೆನಾದ ಉದ್ದನೆಯ ಪೈಪಿತ್ತು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಅದಕ್ಕೆ ಹೀರೆಬಳ್ಳಿ ಹಬ್ಬಿಸಿದ್ದರು. ವಿಷಯ ಕೇಳಿ ಮೂರು ಹೀರೇಕಾಯಿ ಕಿತ್ತುಕೊಂಡು, ಬಳ್ಳಿ ಬಿಡಿಸಿ, "ಒಯ್ರಿ. ನಿವೃತ್ತಿ ದಿವಸಾದ್ರೂ ಮನಿಯಾಗಿಂದ ಒಂದು ಸಾಮಾನ ಉಳಸ್ತೀರಿ ಅಂದ್ಕೊಂಡಿದ್ದೆ" ಎಂದರು. ಮೂರೂವರೆಗೆ ಪೈಪು ಸುಜಾತಾಳ ಮಾಳಿಗೆಯ ಮೇಲೆ ನಿಂತಿತ್ತು. ಮೂರು ದಿಕ್ಕಿಗೆ ತಂತಿ ಎಳೆದು ಬಿಗಿದೆವು. ಡಿಶ್ಶು ಎಲೆಗಳನ್ನು ದಾಟಿ ಮೇಲೇರಿತು.

ನಾಲ್ಕಕ್ಕೆ ಸರಿಯಾಗಿ ಮ್ಯಾನೇಜರ್ ಸಾಹೇಬರ ಫೋನು. ಹಾರ ಬಂದಿದೆ, ಶಾಲು ಬಂದಿದೆ, ಕೇಕು ಕರಗುತ್ತಿದೆ, ಕಾಕಾ ಎಲ್ಲಿ? ಕಾಕಾ, "ವಿಡಿಯೋ ಕಾಲ್ ಹಚ್ರಿ ಸಾಹೇಬ್ರ, ಇಲ್ಲಿಂದನ ಬರ್ತೀನಿ. ಲೈನೂ ಪರೀಕ್ಷಾ ಆಗ್ತದ" ಎಂದರು. ಹೀಗೆ ನಮ್ಮ ಕಂಪನಿಯ ಅತ್ಯಂತ ಹಿರಿಯ ನೌಕರರ ಬೀಳ್ಕೊಡುಗೆ ಸುಜಾತಾಳ ಕಂಪ್ಯೂಟರಿನಲ್ಲಿ ನಡೆಯಿತು. ಆಫೀಸಿನಲ್ಲಿ ದೊಡ್ಡ ಪರದೆಯ ತುಂಬ ಕಾಕಾ ಮುಖ. ಶಾಲನ್ನು ಖಾಲಿ ಕುರ್ಚಿಗೆ ಹೊದಿಸಿದರು. ಯಾರೋ ಉತ್ಸಾಹದಿಂದ ಹಾರವನ್ನು ಪರದೆಗೇ ಹಾಕಲು ಹೋದರು. "ಏ, ಬ್ಯಾಡ ಬ್ಯಾಡ! ಫೋಟೋಕ್ಕ ಹಾಕಿದಂಗ ಆಗ್ತದ!" ಎಂದು ಮ್ಯಾನೇಜರ್ ಸಾಹೇಬರು ಚೀರಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಕಾಕಾ ನಕ್ಕು, "ಆವಾಜ್ ಛಲೋ ಬರಾಕತ್ತದ" ಎಂದರು. ಭಾಷಣಗಳು ನಲವತ್ತು ನಿಮಿಷ ನಡೆದವು. ಹೊರಗೆ ಗಾಳಿ ಜೋರಾಗಿತ್ತು. ಯಾರ ಭಾಷಣವೂ ನಡುವೆ ಕಡಿಯಲಿಲ್ಲ. ಒಂದೆರಡು ಕಡಿದಿದ್ದರೆ ಒಳ್ಳೆಯದಿತ್ತು.

ಎಲ್ಲ ಮುಗಿದ ಮೇಲೆ ಕಾಕಾ ಎದ್ದು ಸುಜಾತಾಳ ಮುಂದೆ ಕೈಕಟ್ಟಿ ನಿಂತರು. ದಿನವೂ ತಂಗಿ ಎನ್ನುತ್ತಿದ್ದವರು ಆಗ ಮಾತ್ರ, "ಆತೇನ್ರಿ?" ಎಂದು ಕೇಳಿದರು.

"ಆತ್ರಿ ಕಾಕಾ" ಎಂದಳು ಸುಜಾತಾ. ಅವಳ ಕಣ್ಣು ತುಂಬಿದ್ದವು.

ಟಿಕೆಟ್ ಮುಚ್ಚುವಾಗ ಕಾಕಾ ಹೇಳಿದ್ದನ್ನು ನಾನು ಟೈಪು ಮಾಡಿದೆ. ಡಿಶ್ ಎತ್ತರ ಕಡಿಮೆ. ಕೂಡಿಸಿದವನು ಕಮಲಾಪುರದವನೇ ಆಗಿಯೂ ಬಾಳೆಯ ಎತ್ತರ ಮರೆತಿದ್ದ. ಗ್ರಾಹಕರ ತಪ್ಪು ಏನೂ ಇಲ್ಲ. ಇಷ್ಟು ಹೇಳಿ ನನ್ನ ಮುಖ ನೋಡಿ, "ನಿಂದೂ ಬರಿ" ಎಂದರು. ನಿನ್ನೆ ಮುಚ್ಚಿದ್ದು ಸುಳ್ಳು, ಮುಚ್ಚಿದವನು ನಾನು ಎಂದು ನನ್ನ ಹೆಸರು ಹಾಕಿ ಬರೆದೆ. ಅದಕ್ಕಾಗಿ ಆಮೇಲೆ ನನಗೊಂದು ನೋಟಿಸೂ ಬಂತು. ಕಾಕಾ ಗುಂಡಿ ಒತ್ತಿದರು. ಟಿಕೆಟ್ ಹಸಿರಾಯಿತು. ಮರುಕ್ಷಣವೇ ಪರದೆ ಅವರನ್ನು ಹೊರಗೆ ಹಾಕಿ, ಇಂಥ ನೌಕರರು ಯಾರೂ ಇಲ್ಲ ಎಂದು ತೋರಿಸಿತು. ನನಗೆ ಸಿಟ್ಟು ಬಂತು. ಕಾಕಾ ಮಾತ್ರ, "ಭಾಳ ಚುರುಕ ಅದ ನೋಡು ನಮ್ಮ ಕಂಪನಿ" ಎಂದು ಕಿಸೆಯ ಬ್ರಷ್ಷನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ನಡೆದರು.

ಸುಜಾತಾಳ ಸೆಂಟರ್ ಉಳಿಯಿತು. ಕಾಕಾ ಸಂಜೆ ಅಲ್ಲಿ ಹೋಗಿ ಕೂತು ಮುದುಕಿಯರ ಬೆರಳು ಒರೆಸಿ ಯಂತ್ರದ ಮೇಲೆ ಇಡಿಸುತ್ತಿದ್ದರಂತೆ. ಈ ವರ್ಷ ದೀಪಾವಳಿ ಮುಗಿದ ಮರುವಾರ, ನಿದ್ದೆಯಲ್ಲೇ ಹೋಗಿಬಿಟ್ಟರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕು ನನ್ನನ್ನು ಕರೆಸಿಕೊಂಡರು. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಿತ್ತು. ಅರ್ಜಿ ಹೋಗುವುದು ಸುಜಾತಾಳ ಸೆಂಟರಿನಿಂದಲೇ. ಕಾಕು ಆಧಾರ್ ಕಾರ್ಡುಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಕುರ್ಚಿಯ ತುದಿಗೆ ಕೂತರು. ಕಾಕಾರ ಹೆಸರು, ತಂದೆಯ ಹೆಸರು, ಊರು ಒಂದೊಂದಾಗಿ ಸುಜಾತಾ ತುಂಬಿದಳು. ಎಲ್ಲ ತುಂಬಿದ ಮೇಲೆ ಕೊನೆಯ ಗುಂಡಿ ಒತ್ತಲಾರದೆ ಮೌಸಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಳು. ನಾನು ಬಾಗಿಲಿಗೆ ಬಂದು ನಿಂತೆ. ಮೂರು ಗಂಟೆಯ ಗಾಳಿ. ಎಲೆಗಳು ಹುಚ್ಚೆದ್ದು ಬಡಿದುಕೊಳ್ಳುತ್ತಿದ್ದವು, ಡಿಶ್ಶಿಗಿಂತ ಒಂದು ಮಾರು ಕೆಳಗೆ. ಒಳಗೆ ಒಮ್ಮೆ ಕ್ಲಿಕ್ ಎಂದಿತು.

"ಆತೇನವ್ವ?" ಎಂದು ಕಾಕು ಕೇಳಿದರು.

"ಆತ್ರಿ ಕಾಕು" ಎಂದಳು ಸುಜಾತಾ. ಅರ್ಜಿ ಮೊದಲ ಸಲಕ್ಕೇ ಹೋಗಿತ್ತು.